ಜಡ್ಡು ಅನ್ನಬಾರದ ಜ್ವರ

ಗಿರಿಜವ್ವ ತಮ್ಮನ ಹೆಂಡತಿ ಕಾಶವ್ವನ ಹಳೆಯ ಇಳಕಲ್ ಸೀರೆ ಕತ್ತರಿಸುತ್ತ ಕೂತಿದ್ದಳು. ಆ ಸೀರೆ ನಾನೇ. ಈಗ ಕುಲಾವಿ ಆಗುತ್ತಿದ್ದೆ, ತಮ್ಮ ಸಿದ್ರಾಮನ ಕೂಸಿನ ತೊಟ್ಟಿಲಿಗೆ ಸೋದರತ್ತೆ ತರುವ ಟೋಪಿ. ಗಿರಿಜವ್ವ ಯಾವ ಕೂಸಿನ ತಲೆಯನ್ನೂ ಅಳೆದವಳಲ್ಲ. ಅವಳ ಗೇಣೇ ಅಳತೆ.

ತೊಟ್ಟಿಲ ದಿನ ನಾನು ಕೂಸು ಮುತ್ತವ್ವನ ಮೂಗಿನವರೆಗೆ ಜಾರಿದೆ. ಗಿರಿಜವ್ವನ ಕೈ ದೊಡ್ಡದಾತೇನು ಎಂದು ಯಾರೋ ನಕ್ಕರು. ಕೈ ಅಷ್ಟೇ ಇತ್ತು, ತಲೆ ಸಣ್ಣದು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಟೇಪು ಸುತ್ತಿ ಅಳೆದರು. ಇದು ಮನೆತನದ ರಕ್ತದಿಂದ ಬರಬಹುದು, ಬಸುರಿನ ಮೊದಲ ತಿಂಗಳುಗಳ ಸೋಂಕಿನಿಂದಲೂ ಬರಬಹುದು ಎಂದರು.

"ಬಸುರಿದ್ದಾಗ ಏನರ ಜಡ್ಡು ಬಂದಿತ್ತೇನವಾ?"

"ಇಲ್ರೀ," ಎಂದಳು ಕಾಶವ್ವ.

ನಾನು ಸೀರೆಯಾಗಿ ಅವಳ ಮೈಮೇಲಿದ್ದೆ, ಬಲ್ಲೆ. ಮೂರನೆಯ ತಿಂಗಳಲ್ಲಿ ಜ್ವರ ಬಂದು ಮೈತುಂಬ ಕೆಂಪು ದದ್ದು ಎದ್ದಿದ್ದವು. ಅತ್ತೆ ನನ್ನ ಮಡಿಲಿಗೆ ಬೇವಿನ ಸೊಪ್ಪು ತುಂಬಿ ಕೈಮುಗಿದಿದ್ದಳು. ಆದರೆ ಅದು ದೇವಿ, ಅಮ್ಮ ಬಂದದ್ದು. ಅಮ್ಮನನ್ನು ಜಡ್ಡು ಅನ್ನಬಾರದು. ಕಾಶವ್ವ ಸುಳ್ಳು ಹೇಳಿರಲಿಲ್ಲ.

ಸಿದ್ರಾಮ ರಕ್ತ ಎಂಬ ಒಂದೇ ಮಾತು ಹಿಡಿದುಕೊಂಡು ಮನೆಗೆ ಬಂದ. ಅಂದೇ ಮಗ್ಗದ ಲಾಳಿ ತೂರಿದ. ಅದರ ಚೂಪು ಕಾಶವ್ವನ ಹುಬ್ಬು ಸೀಳಿತು. ಕೈಗೆ ಸಿಕ್ಕ ನನ್ನನ್ನೇ ಗಾಯಕ್ಕೆ ಒತ್ತಿಕೊಂಡಳು. ಆಮೇಲೆ ಬೆಲ್ಟು, ಸೌದೆ, ಒಮ್ಮೆ ನೂಲಿಗೆ ಹಾಕುವ ಕುದಿಯುವ ಗಂಜಿ. ತಾಯಿಯ ತಲೆ ಗೋಡೆಗೆ ಬಡಿಯುತ್ತಿದ್ದರೂ ಕಿವಿ ಕೇಳದ ಮುತ್ತವ್ವ ಸುಮ್ಮನೆ ಮಲಗಿರುತ್ತಿದ್ದಳು.

ಮೂರನೆಯ ವರ್ಷ ನಾನು ಮುತ್ತವ್ವನ ತಲೆಗೆ ಸರಿಯಾಗಿ ಕೂತೆ. ಕಾಶವ್ವ ಕಸೆ ಕಟ್ಟಿ, ಕನ್ನಡಿ ತೋರಿಸಿ ನಕ್ಕಳು.

ಅದೇ ವರ್ಷ ಅಂಗನವಾಡಿಯ ಗೋಡೆಗೆ ಲಸಿಕೆಯ ಪಟ ಬಂತು. ಅದರಲ್ಲಿದ್ದ ಬಸುರಿಯ ಮೈಮೇಲೆ ಅದೇ ಕೆಂಪು ದದ್ದು. ಕಾಶವ್ವ ಕೆಳಗಿನ ಅಕ್ಷರಗಳನ್ನು ಕೂಡಿಸಿ ಓದಿದಳು: ಬಸುರಿಗೆ ಈ ಜಡ್ಡು ಬಂದರೆ ಕೂಸಿನ ತಲೆಗೆ, ಕಿವಿಗೆ ಕೇಡು. ತನ್ನ ಜ್ವರದ ಸಂಗತಿ ಡಾಕ್ಟರಮ್ಮನಿಗೆ ಕಾಗದ ಬರೆದಳು. ಜಡ್ಡು ಅಂದಳೆಂದು ಅಮ್ಮ ಮುನಿದು ಇರುವ ಕೂಸನ್ನೂ ಒಯ್ದರೆ? ಹೆದರಿ ಹೊಲಿದಿಟ್ಟ ಕಾಗದ ಎರಡು ವರ್ಷ ನನ್ನ ಅಸ್ತರಿನೊಳಗೇ ಉಳಿಯಿತು.

ಮತ್ತೆ ಬಸುರಾದಳು.

"ನಿನ್ನ ರಕ್ತದ್ದು ಇನ್ನೊಂದು ಬ್ಯಾಡ," ಎಂದು ಸಿದ್ರಾಮ ಹೊಟ್ಟೆಗೇ ಕಾಲೆತ್ತಿದ.

ಮೂಲೆಯ ಒನಕೆ ಅವಳ ಕೈಗೆ ಯಾವಾಗ ಬಂತೋ ನಾನು ಕಾಣೆ. ಸಿದ್ರಾಮನ ಮೊಣಕಾಲು ಮುರಿದ ಸದ್ದು ಮಾತ್ರ ಕೇಳಿತು. ಅವನು ನೆಲದಲ್ಲಿ ಹೊರಳುತ್ತಿದ್ದಾಗ ಕಾಶವ್ವ ನನ್ನ ಹೊಲಿಗೆ ಹರಿದು ಕಾಗದ ತೆಗೆದಳು, ಕೊನೆಗೆ ಎರಡು ಸಾಲು ಸೇರಿಸಿದಳು. ನಾನೀಗ ಯಾವ ತಲೆಗೂ ಆಗದ ಚಿಂದಿ. ಆದರೂ ಆ ಸಾಲು ನನಗೆ ಬಾಯಿಪಾಠ:

"ಅವತ್ತು ಜಡ್ಡು ಇಲ್ಲ ಅಂದಿದ್ದೆ. ಇತ್ತು. ಹೊಟ್ಟ್ಯಾಗಿನ ಕೂಸಿಗೂ ಹಂಗ ಆಗ್ತದೇನು, ತಿಳಿಸ್ರಿ."

ನನ್ನನ್ನು ಸೊಂಟಕ್ಕೆ ಸಿಕ್ಕಿಸಿ, ಮುತ್ತವ್ವನನ್ನು ಕಂಕುಳಲ್ಲಿ ಎತ್ತಿಕೊಂಡು ಅಂಚೆಪೆಟ್ಟಿಗೆಗೆ ನಡೆದಳು. ಕಾಗದ ಹಾಕಿದ ಮೇಲೂ ಅದರ ಬಾಯೊಳಗೆ ಬೆರಳು ತೂರಿ, ಎಲ್ಲಾದರೂ ಸಿಕ್ಕಿಕೊಂಡಿದೆಯೇ ಎಂದು ತಡಕಿದಳು. ಬಿದ್ದಿತ್ತು.