ನಾಲ್ಕು ಚೀಟಿ, ಒಬ್ಬ ಮಿನೋರು

"ದಾಂಡಿಗನನ್ನೇ ಕೇಳೋಣ ಹಿರಿಯರೇ," ಮ್ಯಾನೇಜರ್ ಎಬಿನಾ ಮೇಜಿಗೆ ಬಾಗಿ ಪಿಸುಗುಟ್ಟಿದ. "ಅವನಿಗೆ ಇನ್ನೊಂದೇ ತಂಡದ ಪೈಪೋಟಿ. ನಿಮ್ಮ ಎಸೆತಗಾರನಿಗೆ ಇನ್ನೂ ಮೂರು ತಂಡ ಮುಗಿಬೀಳ್ತವೆ. ನಾಲ್ಕು ಚೀಟೀಲಿ ಗೆಲ್ಲೋದು ಒಂದೇ. ಸೋತ್ರೆ ಇವನೂ ಇಲ್ಲ, ಅವನೂ ಇಲ್ಲ. ಮುಖ ಎಲ್ಲಿಟ್ಕೊಳ್ಳೋದು?"

ಜಪಾನಿನ ಬೇಸ್‌ಬಾಲ್ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ದಿನವದು; ಒಬ್ಬನನ್ನೇ ಹಲವರು ಕೇಳಿದರೆ ಚೀಟಿಯೇ ಗತಿ. ಇಸೊಗೈ ಚಹಾ ಗುಟುಕರಿಸಿದ. ಊರೂರು ಅಲೆದು ಆಟಗಾರರನ್ನು ಹುಡುಕುವುದೇ ಅವನ ಬದುಕಾಗಿತ್ತು; ನಾಳೆಯಿಂದ ಅವನಿಗೆ ನಿವೃತ್ತಿ. ಅವರ ಕ್ರೇನ್ಸ್ ತಂಡ ಪಟ್ಟಿಯ ತಳ ಹಿಡಿದು ಎಷ್ಟೋ ಕಾಲವಾಗಿತ್ತು. ದಾಂಡಿಗ ಒದಾಗಿರಿಯೇನು ಸಾಮಾನ್ಯನಲ್ಲ, ಚೆಂಡನ್ನು ಮೈದಾನದಾಚೆ ಅಟ್ಟುವ ಭೀಮ. ಆದರೆ ಉತ್ತರದ ಅವೊಮೊರಿಯ ಹಿಮದಲ್ಲಿ ಎಸೆದೆಸೆದು ಬೆಳೆದ ಶಾಲಾ ಹುಡುಗ ಮಿನೋರು ಮುದುಕನ ಕನಸಿಗೂ ನುಗ್ಗಿದ್ದ. ಅವನ ಚೆಂಡು ನೆಟ್ಟಗೆ ಬಂದು, ಇನ್ನೇನು ಸಿಕ್ಕಿತು ಎನ್ನುವಾಗ, ಕರೆದರೂ ಕೇಳದ ಮಗುವಿನಂತೆ ಪಕ್ಕಕ್ಕೆ ಓಡಿಬಿಡುತ್ತಿತ್ತು.

"ನಿನ್ನನ್ನ ಮೀನಿನ ಅಂಗಡಿಯಿಂದ ಎಬ್ಬಿಸಿ ಆಟಕ್ಕೆ ತಂದಾಗ್ಲೂ ಎಲ್ರೂ ನಕ್ಕಿದ್ರು. ನನ್ನ ಕಣ್ಣು ತಪ್ಪಿತ್ತೇನೋ?" ಎಂದ ಇಸೊಗೈ.

"ತಪ್ಪಿತ್ತು ಅಂತ ಪತ್ರಿಕೆಯವರು ಈಗ್ಲೂ ಬರೀತಾರೆ," ಎಂದು ಗೊಣಗುತ್ತಲೇ ಎಬಿನಾ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಮಿನೋರುವಿನ ಹೆಸರು ಒತ್ತಿದ.

ಅಂದುಕೊಂಡಂತೆ ನಾಲ್ಕು ತಂಡ ಕೇಳಿದವು. ನಾಲ್ವರು ಮ್ಯಾನೇಜರುಗಳು ವೇದಿಕೆ ಹತ್ತಿ, ಪೆಟ್ಟಿಗೆಗೆ ಕೈಹಾಕಿ ಒಂದೊಂದು ಚೀಟಿ ಎತ್ತಿದರು. ಇಬ್ಬರು ಬಿಚ್ಚಿ ನೋಡಿ ತಲೆತಗ್ಗಿಸಿದರು. ಅಷ್ಟರಲ್ಲಿ ಆಟರ್ಸ್ ತಂಡದ ಕುರೋಸೆ ಮುಷ್ಟಿ ಮೇಲೆತ್ತಿ ಕುಣಿದೇಬಿಟ್ಟ! ಎಬಿನಾ ತನ್ನ ಚೀಟಿಯನ್ನು ಬಿಚ್ಚದೆಯೇ ಜೇಬಿಗಿಳಿಸಿ, ಸೊಂಟ ಬಾಗಿಸಿ ಅಭಿನಂದಿಸಿದ.

ಇಸೊಗೈ ಚಹಾದ ಲೋಟ ಪಕ್ಕಕ್ಕಿಟ್ಟ. ಆದರೆ ಹುಡುಕುವ ಕಣ್ಣು ಸುಮ್ಮನಿರುತ್ತದೆಯೇ? ದೊಡ್ಡ ಪರದೆಯ ಮೇಲೆ ಕುರೋಸೆಯ ಚೀಟಿ ಹೊಳೆಯಿತು. ಅದರಲ್ಲಿದ್ದದ್ದು ಒಕ್ಕೂಟದ ಕೆಂಪು ಮುದ್ರೆ ಮಾತ್ರ. ಅದು ಎಲ್ಲ ಚೀಟಿಯಲ್ಲೂ ಇರುವಂಥದ್ದು; ಕುರೋಸೆ ಅದನ್ನೇ ಗೆಲುವಿನ ಗುರುತೆಂದುಕೊಂಡಿದ್ದ. ಗೆದ್ದ ಚೀಟಿಯಲ್ಲಿ ಇರಬೇಕಾದ ಬರಹವೇ ಇಲ್ಲ!

"ಬಿಚ್ಚೋ ಎಬಿನಾ!" ಯಾರೂ ದನಿಯೆತ್ತದ ಆ ಸಭೆಯಲ್ಲಿ ಮುದುಕ ಕುರ್ಚಿ ಕೆಡವಿ ಎದ್ದ. "ಸಾಕು ನಿನ್ನ ಮರ್ಯಾದೆ! ಜೇಬಿಂದ ತೆಗಿಯೋ, ಗೂಬೆ!"

ಎಬಿನಾ ಚೀಟಿ ತೆಗೆದು ಬಿಚ್ಚಿದ. 'ಆಟಗಾರನ ಮೇಲಿನ ಹಕ್ಕು ನಿಮ್ಮದು.'

ಸಭಾಂಗಣವೇ ಭೋರ್ಗರೆಯಿತು. ಕುರೋಸೆ ಕಿವಿಯವರೆಗೂ ಕೆಂಪಾಗಿ, ನೆಲ ಮುಟ್ಟುವಷ್ಟು ಬಾಗಿದ. ಎಬಿನಾ ಮೇಜಿಗೆ ಓಡಿಬಂದು ಮುದುಕನನ್ನು ಮಗುವಿನಂತೆ ಎತ್ತಿಕೊಂಡ. "ಇಳಿಸೋ, ಸೊಂಟ ಮುರಿಯುತ್ತೆ," ಎನ್ನುತ್ತ ಇಸೊಗೈ ಕಣ್ಣೊರೆಸಿಕೊಂಡ.

ಪರದೆಯಲ್ಲೀಗ ಅವೊಮೊರಿಯ ಶಾಲೆ. ಗೆಳೆಯರೆಲ್ಲ ಮಿನೋರುವಿನ ಮೇಲೆ ಬಿದ್ದು ರಾಶಿಯಾಗಿದ್ದರು.

"ಬಲಗೈ ಜೋಪಾನ ಕಣ್ರೋ!" ಇಸೊಗೈ ಪರದೆಗೇ ಕೂಗಿದ.

ರಾಶಿಯ ನಡುವಿನಿಂದ, ಕರಗುವ ಹಿಮವನ್ನು ಸೀಳಿಕೊಂಡು ಮೊಳಕೆ ಏಳುವಂತೆ, ಉದ್ದನೆಯ ಕೈಯೊಂದು ಮೇಲೆದ್ದು ಮೆಲ್ಲಗೆ ಬೆರಳು ಬಿಚ್ಚಿತು.