ಬಾವಿ ಓಣಿಯ ಖಾನೇಷುಮಾರಿ

ಐವತ್ತೊಂದನೆಯ ಇಸವಿಯ ಖಾನೇಷುಮಾರಿಯ, ಅಂದರೆ ಜನಗಣತಿಯ, ಚೀಟಿಯಲ್ಲಿ ಹೆಸರಿಗೆ, ವಯಸ್ಸಿಗೆ, ಮದುವೆಗೆ, ಕಸುಬಿಗೆ, ಓದುಬರಹಕ್ಕೆ, ಎಲ್ಲಕ್ಕೂ ಜಾಗವಿತ್ತು. ನೀರಿಗೆ ಇರಲಿಲ್ಲ. ಆದರೆ ಜೋಗನವಾಡಿಯ ಬಾವಿ ಓಣಿಗೆ ಕಾಲಿಟ್ಟ ಶಿವಕಾಂತಾಳಿಗೆ ಮೊದಲು ಕಂಡದ್ದು ನೀರೇ. ಓಣಿಯ ನಟ್ಟನಡುವೆ ಕಲ್ಲು ಕಟ್ಟಿದ ಬಾವಿ. ಫೆಬ್ರವರಿ ಬಂದರೂ ನೀರು ಕೈಗೆಟಕುವಷ್ಟು ಮೇಲಿತ್ತು. ಹಗ್ಗ ತಿಕ್ಕಿ ತಿಕ್ಕಿ ಕಲ್ಲಿನಲ್ಲಿ ಬಿದ್ದ ಕಚ್ಚುಗಳಲ್ಲಿ ಹುಲ್ಲು ಹುಟ್ಟಿತ್ತು. ಹೆಂಗಸರು ಮಾತ್ರ ತಲೆಯ ಮೇಲೆ ಎರಡೆರಡು ಕೊಡ ಹೊತ್ತು, ಬಾವಿಯ ಕಡೆ ನೋಡದೆ, ಊರಾಚೆಯಿಂದ ಬರುತ್ತಿದ್ದರು.

"ಇಷ್ಟು ನೀರಿದ್ದೂ ಅಲ್ಲಿತನಕ ಯಾಕ ಹೋಗ್ತಾರ ಮಡೆಪ್ಪಾ?"

ಮಡೆಪ್ಪ ಔರಾದದ ಹೆಣ್ಣುಮಕ್ಕಳ ಸಾಲೆಯ ಜವಾನ. ಸಂತಪುರದವರೆಗೆ ಮೋಟಾರು, ಅಲ್ಲಿಂದ ಮೂರು ಮೈಲಿ ಕಾಲ್ನಡಿಗೆ. ದಾರಿಯುದ್ದಕ್ಕೂ ತಮಾಷೆ ಮಾಡುತ್ತಲೇ ಬಂದಿದ್ದ. "ಅಕ್ಕೋರೆ, ನನ್ನ ವಯಸ್ಸು ನಲವತ್ತು ಅಂತ ಬರ್ಕೊಳ್ರಿ. ಹಲ್ಲು ಎಣಿಸಿದ್ರ ಎಂಬತ್ತು ಆಗ್ತದ, ಅದನ್ನ ಕೇಳಬ್ಯಾಡ್ರಿ" ಎಂದು ನಗಿಸಿದ್ದ. ಈಗ ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ.

"ನೀರು ಕೆಟ್ಟದರಿ" ಎಂದ.

ಗಂಡಸರು ಬಂದರೆ ಈ ಓಣಿಯ ಹೆಂಗಸರು ಬಾಗಿಲು ತೆಗೆಯುವುದಿಲ್ಲ ಎಂದು ಅವಳನ್ನು ಕಳಿಸಿದ್ದರು. ಗುಲ್ಬರ್ಗದಲ್ಲಿ ಇಂಟರ್ ಓದಿದ ಮಾಸ್ತರಣಿ, ಉರ್ದು ಬರುತ್ತದೆ, ಇನ್ನೇನು ಬೇಕು? ಬೇಡವೆನ್ನುವ ಧೈರ್ಯ ಅವಳಿಗಿರಲಿಲ್ಲ. ಬರುವ ಮನಸ್ಸೂ ಇರಲಿಲ್ಲ. ನಲವತ್ತೆಂಟರ ಪುಲೀಸ್ ಆಕ್ಷನ್ನಿಗೆ ನಾಲ್ಕು ತಿಂಗಳ ಮೊದಲು ಅವಳ ಅಣ್ಣ ವೈಜಿನಾಥನನ್ನು ರಜಾಕಾರರು ಭಾಲ್ಕಿ ದಾರಿಯಲ್ಲಿ ಕಡಿದು ಹಾಕಿದ್ದರು. ಹೆಣ ಎತ್ತಿನ ಗಾಡಿಯಲ್ಲಿ ಮನೆಗೆ ಬಂದಿತ್ತು. ಅಂದಿನಿಂದ ಬೀದಿಯಲ್ಲಿ ತುರ್ಕಿ ಟೋಪಿ ಕಂಡರೆ ಅವಳು ಬೇರೆ ದಾರಿ ಹಿಡಿಯುತ್ತಿದ್ದಳು.

ಈ ಓಣಿಯಲ್ಲಿ ಒಂದು ಟೋಪಿಯೂ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂವತ್ತನಾಲ್ಕು ಮನೆಯೂ ಮುಗಿದವು. ಲೆಕ್ಕ ಕೂಡಿಸಿದಾಗ ಅವಳು ಮೂರು ಸಲ ತಾಳೆ ನೋಡಿದಳು. ನೂರಾ ಮೂವತ್ತೊಂದು ಜನ. ಅದರಲ್ಲಿ ಗಂಡಸರು ಮೂವತ್ತಮೂರು. ಆ ಮೂವತ್ತಮೂರರಲ್ಲಿ ಹನ್ನೆರಡು ವರ್ಷ ದಾಟಿದವರು ಇಬ್ಬರು: ಕಣ್ಣು ಕಾಣದ ಚಾಂದ ಪಾಶಾ, ಹಾಸಿಗೆ ಹಿಡಿದ ಇನ್ನೊಬ್ಬ ಮುದುಕ. ಕಸುಬಿನ ಖಾನೆಯಲ್ಲಿ ಮನೆಮನೆಗೂ ಒಂದೇ ಮಾತು, ಕೂಲಿ. ಆರು ಮನೆಗಳಿಗೆ ಬಾಗಿಲ ಹಲಗೆಯೇ ಇರಲಿಲ್ಲ, ಗೋಣಿ ತಟ್ಟು ತೂಗಿತ್ತು. ಮದುವೆಯ ಖಾನೆಯಲ್ಲಿ ಮಾತ್ರ ವಿಚಿತ್ರವಿತ್ತು. ಇಪ್ಪತ್ತೆಂಟು ಹೆಂಗಸರು, ಒಬ್ಬರಾದ ಮೇಲೊಬ್ಬರು, ಕೈತುಂಬ ಬಳೆ ತೊಟ್ಟುಕೊಂಡು, ಪಾಠ ಒಪ್ಪಿಸುವ ಮಕ್ಕಳ ಹಾಗೆ ಒಂದೇ ಉತ್ತರ ಕೊಟ್ಟಿದ್ದರು. ಲಗ್ನ ಆಗ್ಯದ. ಗಂಡ ಇದ್ದಾನ. ಪರಊರಿಗೆ ಹೋಗ್ಯಾನ.

ಯಾವ ಊರಿಗೆ? ಕೇಳಿದರೆ ಮತ್ತೆ ಅದೇ ಮಾತು, ಪರಊರಿಗೆ. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು ಎಂಬುದು ನಿಯಮ. ಶಿವಕಾಂತಾ ಹಾಗೆಯೇ ಬರೆದಳು.

ಊಟ ಪಾಟೀಲರ ಮನೆಯಲ್ಲಿ. ಹಾವಗೆಪ್ಪ ಪಾಟೀಲರು ಹಣೆತುಂಬ ವಿಭೂತಿ ಹಚ್ಚಿದ, ಮೆಲ್ಲನೆ ಮಾತಾಡುವ ಮನುಷ್ಯ. ತಾವೇ ನಿಂತು ಬಡಿಸಿದರು.

"ಇನ್ನೊಂದು ರೊಟ್ಟಿ ಹಾಕ್ಕೊ ತಂಗೀ. ಸಾಲಿ ಕಲ್ತವ್ರು ಗುಬ್ಬಿ ಉಂಡಂಗ ಉಣ್ತೀರಿ. ಏನ್ ಹೇಳಿದ್ರು ಬಾವಿ ಓಣಿಯವ್ರು?"

"ಗಂಡಂದಿರು ಪರಊರಿಗೆ ಹೋಗ್ಯಾರ ಅಂತ ಹೇಳಿದ್ರಿ."

"ಖರೇನ ಹೇಳ್ಯಾರ. ಪಾಕಿಸ್ತಾನಕ್ಕ ಹೋಗ್ಯಾರ. ಚೀಟಿ ನೋಡಿ ಊರಿನ ರಿಜಿಸ್ಟರ್ ನಕಲು ಮಾಡ್ತಾರಲ್ಲ, ಅದರಾಗ ಅವ್ರ ಬಾಯಿ ಮಾತೇ ಬಂದಂಗ ಆತು." ಅವರು ಬೆಣ್ಣೆಯ ಬಟ್ಟಲನ್ನು ಅವಳ ಹತ್ತಿರ ಸರಿಸಿದರು. "ಹೋದವ್ರ ಹೊಲ ಸರ್ಕಾರಕ್ಕ ಸೇರ್ತದ. ಸರ್ಕಾರ ಮತ್ತ ಯಾರಿಗೆ ಉಳಲಿಕ್ಕೆ ಕೊಡ್ತದ? ಎರಡು ವರ್ಷದಿಂದ ಪಡಾ ಬೀಳದಂಗ ಉತ್ತು ಬಿತ್ತಿ ನೋಡ್ಕೊಂಡ ನಮ್ಮಂಥವ್ರಿಗೇ ಕೊಡ್ತದ."

"ಅವರಿಗೆ ಹಾಗ ಹೇಳ್ರಿ ಅಂತ ಯಾರು ಹೇಳಿಕೊಟ್ರು?" ಮಾತು ಅವಳ ಬಾಯಿಂದ ಜಾರಿಬಿಟ್ಟಿತ್ತು.

ಪಾಟೀಲರಿಗೆ ಸಿಟ್ಟು ಬರಲಿಲ್ಲ. "ನಾನೇ ಹೇಳೀನಿ. ಸತ್ತಾರ ಅಂದ್ರ ಎಲ್ಲಿ ಸತ್ರು, ಯಾರು ಕೊಂದ್ರು, ಹೆಣ ಎಲ್ಲಿ ಅಂತ ಪೊಲೀಸರು ಬರ್ತಾರ. ಊರಂದ ಮ್ಯಾಲೆ ಎಲ್ಲಾರೂ ಕೂಡಿ ಬಾಳಬೇಕಲ್ಲ? ನನ್ನ ತೋಟದ ಬಾವಿ ನೀರು ಕುಡೀತಾರ, ನನ್ನ ಮಾತು ಕೇಳ್ತಾರ. ಇವ್ರ ಮಂದಿ ನಿಮ್ಮ ಅಣ್ಣಗ ಏನ್ ಮಾಡಿದ್ರು, ನಿನಗ ನಾ ಹೇಳಬೇಕೇನು?"

ಅವಳು ರೊಟ್ಟಿ ಮುರಿದಳು, ತಿನ್ನಲಾಗಲಿಲ್ಲ. ಅಣ್ಣನ ವಿಷಯ ಇವರಿಗೆ ಹೇಗೆ ಗೊತ್ತು ಎಂಬುದೊಂದೇ ಯೋಚನೆ. ಅವಳು ಬರುವ ಮೊದಲೇ ಅವಳ ಬಗ್ಗೆ ವಿಚಾರಿಸಿ ಇಟ್ಟಿದ್ದರು.

ಹೊರಡುವಾಗ ಪೆನ್ನು ಮರೆತೆನೆಂದು ಸುಳ್ಳು ಹೇಳಿ ಒಬ್ಬಳೇ ಓಣಿಗೆ ಹೋದಳು. ಏಳನೆಯ ಮನೆ ಬಿಸ್ಮಿಲ್ಲಾಬೀಯದು. ಮೂವತ್ತರ ಹೆಂಗಸು, ಮನೆಯಲ್ಲಿ ಅತ್ತೆ, ಒಬ್ಬ ಮಗಳು. ಬೆಳಿಗ್ಗೆ ಚೀಟಿ ಬರೆಸುವಾಗ ಇವಳೊಬ್ಬಳೇ ಕಣ್ಣಿಗೆ ಕಣ್ಣು ಕೊಟ್ಟು ಉತ್ತರಿಸಿದ್ದಳು. ಗಂಡ ಗೌಸೋದ್ದೀನನ ಹೆಸರಲ್ಲಿ ನಾಲ್ಕು ಎಕರೆ ಇದೆಯೆಂದೂ ಹೇಳಿದ್ದಳು.

ಶಿವಕಾಂತಾ ನಿಂತಲ್ಲೇ, ದನಿ ತಗ್ಗಿಸಿ, ರಿಜಿಸ್ಟರಿನ ಮಾತನ್ನೂ ಹೊಲದ ಮಾತನ್ನೂ ತಿಳಿಸಿದಳು. "ಗಂಡ ಇದ್ದಾನ, ಹೋಗ್ಯಾನ ಅಂದ್ರ ನಿನ್ನ ಹೊಲ ಹೋಗ್ತದ. ಗಂಡ ಸತ್ತಾನ, ನಾ ಬೇವಾ ಅಂದ್ರ ಹೊಲಕ್ಕ ನೀನು, ನಿನ್ನ ಮಗಳು ವಾರಸುದಾರರು."

ಬಿಸ್ಮಿಲ್ಲಾಬೀ ತನ್ನ ಬಳೆ ನೋಡಿಕೊಂಡಳು. "ಆಪಾ, ಮಯ್ಯತ್ ನೋಡಿಲ್ಲ, ಹೆಣಾ ಕಣ್ಣಿಗೆ ಬಿದ್ದಿಲ್ಲ. ಕಫನ್ ಬಟ್ಟಿ ಹಾಕಿಲ್ಲ. ನಮಾಜ್ ಓದಿಲ್ಲ. ನಾ ಹ್ಯಾಂಗ ಬಳಿ ಒಡೀಲಿ? ಆ ರಾತ್ರಿ ಕದಾ ಮುರಿದು ಗಂಡಸರನ್ನ ಎಳಕೊಂಡು ಹೋದ್ರು, ನಾವೆಲ್ಲ ಒಳಗ ಕುಂತಿದ್ದಿವಿ. ಸಪ್ಪಳಾ ಕೇಳಿಸ್ತು, ಅಷ್ಟೇ. ಮರುದಿನ ಬಾವಿ ನೀರು ಮ್ಯಾಲ ಬಂದಿತ್ತು."

ಒಳಗಿನಿಂದ ಅವಳ ಅತ್ತೆ ಕೆಮ್ಮಿದಳು. "ಯಾರ ಕೂಡ ಮಾತಾಡ್ಲತ್ತಿ? ಬಾಯಿ ಮುಚ್ಕೊ. ಸಂಜೀಕ ನೀರಿಗೆ ಹೋಗೋದದ."

"ಎಲ್ಲಾರೂ ಅಂದ್ರ ನಾನೂ ಅಂತೀನಿ. ಒಬ್ಬಾಕಿ ಅನ್ನಲ್ಲ" ಎಂದು ಬಿಸ್ಮಿಲ್ಲಾಬೀ ಗೋಣಿ ತಟ್ಟು ಇಳಿಬಿಟ್ಟಳು.

ಸಂತಪುರದ ದಾರಿಯಲ್ಲಿ ಮಡೆಪ್ಪ ಒಂದೂ ತಮಾಷೆ ಮಾಡಲಿಲ್ಲ. ಹಳ್ಳ ದಾಟುವಾಗ ಮಾತ್ರ, "ಪೆನ್ನು ಸಿಕ್ಕಿತೇನ್ರಿ?" ಎಂದ. ಪೆನ್ನು ಅವಳ ಕೈಯಲ್ಲೇ ಇತ್ತು, ಅವನು ಮೊದಲಿನಿಂದಲೂ ನೋಡಿದ್ದ.

ಮಾರ್ಚ್ ತಿಂಗಳ ಮೊದಲ ದಿನ ಮತ್ತೊಂದು ಸುತ್ತು. ಹಿಂದೆ ಬಂದು ಹೋದಂದಿನಿಂದ ಯಾರಾದರೂ ಹುಟ್ಟಿದರೇ, ಸತ್ತರೇ ಎಂದು ಕೇಳಿ ಚೀಟಿ ತಿದ್ದುವ ಸುತ್ತು ಅದು. ಹದಿನೈದು ದಿನ ಶಿವಕಾಂತಾ ನಿದ್ದೆ ಮಾಡಿರಲಿಲ್ಲ. ತಾನು ಹೇಳಬಾರದಿತ್ತು ಎಂದು ಒಮ್ಮೆ, ಎಲ್ಲರಿಗೂ ಹೇಳಬೇಕಿತ್ತು ಎಂದು ಇನ್ನೊಮ್ಮೆ. ಅಣ್ಣನನ್ನು ಮಣ್ಣಿಗಿಟ್ಟ ದಿನ ಅವ್ವ ಅತ್ತು ಅತ್ತು ಕೊನೆಗೆ ಒಂದು ತುತ್ತು ಉಂಡಿದ್ದಳು. ಮಣ್ಣು ಕೊಟ್ಟ ಮೇಲೆ ಉಣ್ಣಲು ಬರುತ್ತದೆ. ಆ ಓಣಿಯವರು ಎರಡೂವರೆ ವರ್ಷದಿಂದ ಹೇಗೆ ಉಣ್ಣುತ್ತಿದ್ದಾರೋ.

ಓಣಿಯ ಬಾಯಿಯಲ್ಲಿ ಪಾಟೀಲರ ಆಳೊಬ್ಬ ಕುಳಿತು ಬೀಡಿ ಸೇದುತ್ತಿದ್ದ. ಬಾವಿಯ ಸುತ್ತ ನೆಲದಲ್ಲಿ ಏನೋ ಮಿನುಗುತ್ತಿತ್ತು. ಹತ್ತಿರ ಹೋದಾಗ ತಿಳಿಯಿತು, ಬಳೆಚೂರು. ಹಸಿರು, ಕೆಂಪು, ನೀಲಿ. ಕಲ್ಲಿನ ಅಂಚಿನ ಮೇಲೆ, ಆ ಹಳೆಯ ಕಚ್ಚುಗಳ ಹುಲ್ಲಿನ ನಡುವೆ, ಚೂರುಗಳು ಸಿಕ್ಕಿಕೊಂಡಿದ್ದವು.

ಬಿಸ್ಮಿಲ್ಲಾಬೀ ಬೋಳು ಕೈ ಮುಂದೆ ಚಾಚಿ, ಆಳಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

"ಬರ್ಕೊ ಆಪಾ. ಬೇವಾ."

ಎಂಟನೆಯ ಮನೆ, ಬೇವಾ. ಒಂಬತ್ತನೆಯ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಬೇವಾ. ಕುರುಡ ಚಾಂದ ಪಾಶಾ ಹೊಸ್ತಿಲಲ್ಲಿ ಕುಳಿತು ಒಂದೊಂದು ದನಿಗೂ ಬೆರಳು ಮಡಿಸುತ್ತಿದ್ದ. ಶಿವಕಾಂತಾ ಇಪ್ಪತ್ತೆಂಟು ಚೀಟಿ ತಿದ್ದಿ, ಪ್ರತಿ ತಿದ್ದುಪಡಿಗೂ ಸಹಿ ಹಾಕಿದಳು.

ನಾಲ್ಕನೆಯ ದಿನ ಔರಾದದ ಸೂಪರ್‌ವೈಸರ್ ಅವಳನ್ನು ಕರೆಸಿದರು. ವಯಸ್ಸಾದ ಮನುಷ್ಯ, ಕನ್ನಡಕ ಹಣೆಗೇರಿಸಿಕೊಂಡು ಚೀಟಿ ನೋಡುತ್ತಿದ್ದರು.

"ಹದಿನೈದು ದಿನದಾಗ ಒಂದೇ ಓಣಿಯಾಗ ಇಪ್ಪತ್ತೆಂಟು ಮಂದಿ ವಿಧವೆ ಆಗ್ಯಾರ. ಪ್ಲೇಗು ಬಂದಿತ್ತೇನ್ ಬಾಯಿ? ಬೀದರದವ್ರು ನನ್ನ ತಲಿ ತಿಂತಾರ. ಪಾಟೀಲರ ಅರ್ಜಿ ಬೇರೆ ಬಂದದ, ನೀವೇ ಹೇಳಿಕೊಟ್ಟೀರಿ ಅಂತ. ಸುಮ್ನ ಇಲ್ಲಿ ಒಂದು ಸಾಲು ಬರೀರಿ, ತಿದ್ದಿದ್ದು ನನ್ನ ತಪ್ಪು ಅಂತ. ನಾನು ಮೊದಲಿನ ಲೆಕ್ಕ ಇಡ್ತೀನಿ. ನಿಮ್ಮ ನೌಕರಿ ನಿಮಗ, ನನ್ನ ನಿದ್ದಿ ನನಗ."

ಖಾಲಿ ಹಾಳೆ ಮುಂದಿತ್ತು. ನೌಕರಿ ಹೋದರೆ ಅವ್ವನಿಗೆ ಅನ್ನವಿಲ್ಲ. ಅವಳು ಪೆನ್ನೆತ್ತಿದಳು, ಇಟ್ಟಳು. ಮಾತು ತೂಗಿ ತೂಗಿ ಆಡುವುದು ಅವಳಿಗೆ ಹುಟ್ಟಿನಿಂದ ಬಂದ ಚಾಳಿ. ಆ ದಿನ ಅದೇ ಕೈ ಹಿಡಿಯಿತು. ಅವಳು ಬರೆದಳು: "ತಪ್ಪು ಮೊದಲನೆಯ ಸಲದ್ದು. ಗಂಡಂದಿರು ಸತ್ತದ್ದು ಪುಲೀಸ್ ಆಕ್ಷನ್ನಿನ ವಾರದಲ್ಲಿ. ಹೇಳಿದ್ದು ಈಗ. ಎರಡನೆಯ ಲೆಕ್ಕವೇ ಸರಿ."

ಸೂಪರ್‌ವೈಸರ್ ಕನ್ನಡಕ ಇಳಿಸಿ ಓದಿದರು. ಇನ್ನೊಮ್ಮೆ ಓದಿದರು. "ನಿಮ್ಮ ಸಹಿ ಅದ. ನನಗೇನ್ರಿ" ಎಂದು ಹಾಳೆಯನ್ನು ಕಟ್ಟಿಗೆ ಪೋಣಿಸಿ ಬೀದರಿಗೆ ಕಳಿಸಿದರು. ಆಮೇಲೆ ಸಾಲೆಗೆ ನೋಟೀಸು ಬಂತು. ಅವಳನ್ನು ತೆಗೆಯಲಿಲ್ಲ. ಕಾಯಂ ಮಾಡುವುದನ್ನು ಮಾತ್ರ ನಿಲ್ಲಿಸಿದರು.

ಮೇ ತಿಂಗಳ ಉರಿಬಿಸಿಲಲ್ಲಿ, ಸಾಲೆಗೆ ರಜೆಯಿದ್ದಾಗ, ಬಿಸ್ಮಿಲ್ಲಾಬೀ ಹುಡುಕಿಕೊಂಡು ಅವಳ ಮನೆಗೆ ಬಂದಳು. ಮಡೆಪ್ಪನೇ ದಾರಿ ತೋರಿಸಿ ಕರೆತಂದಿದ್ದ. ಸೊಂಟದ ಸೆರಗಿನಿಂದ ಮಡಿಸಿದ ಕಾಗದ ತೆಗೆದು ಓದಲು ಕೊಟ್ಟಳು. ಗೌಸೋದ್ದೀನನ ನಾಲ್ಕು ಎಕರೆಗೆ ವಾರಸುದಾರಳಾಗಿ ಬೇವಾ ಬಿಸ್ಮಿಲ್ಲಾಬೀಯ ಹೆಸರು ಬಂದಿತ್ತು. ಉಳಿದವರದೂ ಒಂದೊಂದೇ ಬರುತ್ತಿವೆ ಎಂದಳು. ಎತ್ತು ಬಾಡಿಗೆಗೆ ಊರಲ್ಲಿ ಯಾರೂ ಕೊಡುವುದಿಲ್ಲ, ಇಬ್ಬರು ಹೆಂಗಸರು ಕುಂಟೆ ಎಳೆಯುತ್ತೇವೆ ಎಂದೂ ಹೇಳಿದಳು.

ಶಿವಕಾಂತಾಳಿಗೆ ಎದೆ ಹಗುರಾಯಿತು. ಹಗುರಾದದ್ದಕ್ಕೇ ಹೆದರಿ ಕೇಳಿದಳು. "ನೀರು? ಪಾಟೀಲರ ತೋಟದ ಬಾವಿ?"

"ಅವತ್ತೇ ಮುಳ್ಳು ಹಚ್ಚಿದ್ರು ಆಪಾ. ಬೇವಾ ಅಂದ ದಿನ ಸಂಜೀಕೇ."

"ಮತ್ತ ಎಲ್ಲಿಂದ ತರ್ತೀರಿ?"

ಬಿಸ್ಮಿಲ್ಲಾಬೀ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಸೆರಗಿಗೆ ಕಟ್ಟಿಕೊಂಡಳು. "ನಮ್ಮ ಓಣೀದು. ಮೊದಲನೇ ದಿನ ಹಗ್ಗ ಬಿಟ್ಟವಳು ನಾನೇ. ಅತ್ತಿ ಮೂರು ದಿನ ಕುಡೀಲಿಲ್ಲ. ನಾಲ್ಕನೇ ದಿನ ಕುಡದಳು."

ಬಾಗಿಲಲ್ಲಿದ್ದ ಮಡೆಪ್ಪ ಎದ್ದು ಅಂಗಳಕ್ಕೆ ಹೋದ. ಶಿವಕಾಂತಾಳ ಅವ್ವ, ಏನೂ ತಿಳಿಯದೆ, ಬಿಸಿಲಲ್ಲಿ ಬಂದವಳೆಂದು ಗಡಿಗೆಯಿಂದ ತಂಬಿಗೆ ತುಂಬ ನೀರು ತಂದಿಟ್ಟಳು. ಬಿಸ್ಮಿಲ್ಲಾಬೀ ತಂಬಿಗೆಯನ್ನು ಎರಡೂ ಕೈಯಿಂದ ಎತ್ತಿ, ಕಿಟಕಿಯ ಬೆಳಕಿಗೆ ಬಾಗಿಸಿ, ತಳದವರೆಗೂ ನೋಡಿದಳು. ಆಮೇಲೆ ಕುಡಿದಳು.