ಗೇಜ್ ಕೂರುವ ಜಾಗ

ತಂಗಿ ಟರ್ಬೈನಿನ ರೆಕ್ಕೆಯನ್ನು ಬೆಳಕಿಗೆ ಹಿಡಿದಾಗ ಪ್ರಯೋಗಾಲಯದ ಮುಖ್ಯಸ್ಥರು ಕುರ್ಚಿ ಬಿಟ್ಟು ಎದ್ದುಬಂದರು. ತನ್ನ ಮೇಜಿನ ಹತ್ತಿರಕ್ಕೆ ಅವರು ಹಾಗೆ ಎದ್ದುಬಂದದ್ದು ಅಕ್ಕನಿಗೆ ನೆನಪಿಲ್ಲ.

ಆ ಪ್ರಯೋಗಾಲಯದಲ್ಲಿ ಅಕ್ಕನದು ಅಂಟಿಸುವ ಕೆಲಸ. ಲೋಹ ಎಷ್ಟು ಹಿಗ್ಗಿತು, ಎಷ್ಟು ಬಾಗಿತು ಎಂದು ಹೇಳುವ ಸ್ಟ್ರೇನ್ ಗೇಜ್ ಉಗುರಿನಷ್ಟಗಲದ ಹಾಳೆ; ಅದನ್ನು ಅಂಟು ಸವರಿ, ಉಸಿರು ಬಿಗಿಹಿಡಿದು ಕೂರಿಸಬೇಕು. ತಂಗಿಯನ್ನು ಇಲ್ಲಿಗೆ ಸೇರಿಸಿದ್ದೂ ಅವಳೇ. ಈಗ ತಂಗಿ ಗಾಳಿ ತೆಗೆದ ಪೆಟ್ಟಿಗೆಯೊಳಗೆ ಲೋಹವನ್ನೇ ಆವಿ ಮಾಡಿ, ರೆಕ್ಕೆಯ ಮೈಮೇಲೇ ತೆಳು ಪದರವಾಗಿ ಗೇಜನ್ನು ಮೂಡಿಸುತ್ತಿದ್ದಳು. ಅಂಟೂ ಬೇಡ, ಅಂಟಿಸುವವರೂ ಬೇಡ.

“ನಿಮ್ಮ ತಂಗಿ ನಿಮ್ಮನ್ನೂ ಮೀರಿಸಿಬಿಟ್ರು ಕಣ್ರೀ,” ಎಂದು ಮುಖ್ಯಸ್ಥರು ನಕ್ಕರು. “ನಿಮ್ಮ ಅಂಟಿನ ಡಬ್ಬಿಗೆ ಇನ್ನು ರಜೆ.”

ಅಕ್ಕನೂ ನಕ್ಕಳು. ಅಂಟಿನ ಡಬ್ಬಿಯ ಮುಚ್ಚಳವನ್ನು ಬೇಕಾದದ್ದಕ್ಕಿಂತ ಬಿಗಿಯಾಗಿ ತಿರುಗಿಸಿದಳು.

ತಂಗಿ ತೋರಿಸಿದ್ದು ಮಾದರಿ ಮಾತ್ರ. ಗಿರಾಕಿಗಳ ಮುಂದೆ ಪರೀಕ್ಷೆಯಾಗಬೇಕಾದ ರೆಕ್ಕೆ ತೊಳೆದು ಒಣಗಿಸಿ, ಪದರ ಮೂಡಿಸಲು ತಟ್ಟೆಯಲ್ಲಿ ಸಿದ್ಧವಾಗಿತ್ತು. ಎಲ್ಲರೂ ಊಟಕ್ಕೆ ಇಳಿದ ಮೇಲೆ ಅಕ್ಕ ಕೈಗವಸು ಕಳಚಿ, ಗೇಜ್ ಕೂರುವ ಜಾಗಕ್ಕೆ ಹೆಬ್ಬೆರಳು ಒತ್ತಿದಳು. ಬೆರಳಿನ ಜಿಡ್ಡು ಸಾಕು, ಪದರ ಹಿಡಿಯುವುದಿಲ್ಲ. ಕೆಳಗೆ ತಂಗಿ ಊಟ ಬಿಚ್ಚದೆ ಕಾಯುತ್ತಿದ್ದಳು. “ಎಷ್ಟೊತ್ತೇ? ಬಾ, ಆರಿಹೋಗುತ್ತೆ.”

ಪರೀಕ್ಷೆಯ ದಿನ ಯಂತ್ರ ರೆಕ್ಕೆಯನ್ನು ಬಾಗಿಸತೊಡಗಿ ಇನ್ನೂ ಸ್ವಲ್ಪವೇ ಹೊತ್ತಾಗಿತ್ತು, ಪರದೆಯ ಮೇಲೆ ಗೇಜಿನ ಅಳತೆ ತೋರಿಸುತ್ತಿದ್ದ ಗೆರೆ ಸತ್ತುಹೋಯಿತು. ಗಿರಾಕಿಗಳು ಮುಖಮುಖ ನೋಡಿಕೊಂಡರು. ತಂಗಿ ರೆಕ್ಕೆ ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಗುಂಡಿ ತಿರುಗಿಸಿ ಒಂದೇ ಜಾಗವನ್ನು ಎರಡು ಸಲ ನೋಡಿದಳು.

“ಪದರ ಎದ್ದಿದೆ ಸರ್. ಕೆಳಗೆ ಬೆರಳಿನ ಗುರುತಿದೆ.”

“ಯಾರದು?”

ತಂಗಿ ಅಕ್ಕನ ಕಡೆ ತಿರುಗಲೇ ಇಲ್ಲ. “ನಂದೇ ಇರ್ಬೇಕು. ಕೈಗವಸು ಹಾಕೋದು ಮರ್ತಿರ್ತೀನಿ.”

ಮನೆಯಲ್ಲಿ ಮೆಣಸಿನಕಾಯಿ ಹೆಚ್ಚುವಾಗಲೂ ಕೈಗವಸು ಹಾಕುತ್ತಾಳೆಂದು ಎಲ್ಲರೂ ಗೇಲಿ ಮಾಡುತ್ತಿದ್ದದ್ದು ಅವಳನ್ನೇ.

“ಇಷ್ಟು ನಿಗಾ ಇಲ್ದಿದ್ರೆ ಹೇಗಮ್ಮಾ?” ಮುಖ್ಯಸ್ಥರು ಗಿರಾಕಿಗಳ ಎದುರೇ ಗದರಿದರು. ಆಮೇಲೆ ಅಕ್ಕನ ಕಡೆ ತಿರುಗಿದರು. “ಸದ್ಯ, ನೀವಾದ್ರೂ ಇದ್ದೀರಲ್ಲ. ಒಂದು ಅಂಟಿಸಿಬಿಡಿ.”

ಅವಳಿಗೆ ಬೇಕಾಗಿದ್ದದ್ದು ಅದೇ ಮಾತು. ಆದರೆ ಚಿಮಟದಲ್ಲಿ ಹಿಡಿದು ಇಟ್ಟ ಗೇಜ್ ಸೊಟ್ಟಗೆ ಕೂತಿತು. ಕಿತ್ತಳು. ಎರಡನೆಯದೂ ಸೊಟ್ಟ.

ತಂಗಿ ಪಕ್ಕಕ್ಕೆ ಬಂದು ರೆಕ್ಕೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ನೋಡೇ, ನಾನು…” ಅಕ್ಕ ಚಿಮಟ ಕೆಳಗಿಳಿಸಿದಳು.

“ಈಗ ಮಾತಾಡ್ಬೇಡ. ಅಂಟು ಒಣಗುತ್ತೆ.”

ಅಕ್ಕ ಗೇಜ್ ಕೂರಿಸಿದಳು. ಅದು ಹಿಡಿಯುವವರೆಗೂ ಇಬ್ಬರೂ ಬಗ್ಗಿಕೊಂಡೇ ಇದ್ದರು. ತಂಗಿಯ ಉಸಿರು ಅಕ್ಕನ ಕಿವಿಗೆ ಬೆಚ್ಚಗೆ ತಾಗುತ್ತಿತ್ತು.